‘ಇಂಗು’ ಅಂದರೆ ಕೆಳಕ್ಕೋ, ಮೇಲಕ್ಕೋ?

ಗೆಳೆಯರೇ,

ಮಂಡ್ಯ ಕಡೆಯ ಕಬ್ಬು ಬೆಳೆಗಾರರಿಗೆ ನೀರಿನ ಲೆಕ್ಕ ಹೇಳುವ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಇವಾಪೋಟ್ರಾನ್ಸ್‌ಪಿರೇಶನ್’ ಅನ್ನೋ ಪದ ಬಂದಾಗ ಪೆನ್ನು ನಿಂತುಬಿಟ್ಟಿತು. ನೆಲದಿಂದ ಆವಿಯಾಗಿ ಹೋಗುವ ನೀರು, ಗಿಡ ಬೇರಿನಿಂದ ಎಳೆದು ಎಲೆಯಿಂದ ಬಿಡುವ ನೀರು, ಎರಡೂ ಸೇರಿ ಆಗುವ ಒಟ್ಟು ಇದು. ಪಠ್ಯಪುಸ್ತಕದ ಬಾಷ್ಪೀಕರಣ, ಬಾಷ್ಪವಿಸರ್ಜನೆ ಎರಡನ್ನೂ ಜೋಡಿಸಿ ಪಕ್ಕದ ಗದ್ದೆಯ ದೊಡ್ಡಪ್ಪನಿಗೆ ಓದಿದೆ. “ಇಂಗೋದು ಅಂತ ಬರಿ ಮಗ, ಸಾಕು” ಅಂದರು.

ತೊಡಕು ಅಲ್ಲೇ ಇದೆ. ನಾಲೆ ನೀರು ಮಣ್ಣಿಗಿಳಿದರೂ ಇಂಗಿತು. ಹಾಲು ಕಾದು ಕಮ್ಮಿಯಾದರೂ ಇಂಗಿತು. ಬಿಸಿಲಿಗೆ ಗದ್ದೆ ಒಣಗಿದರೂ ದೊಡ್ಡಪ್ಪನ ಬಾಯಲ್ಲಿ “ನೀರೆಲ್ಲಾ ಇಂಗೋಯ್ತು”. ನೀರು ಕಾಣದೆ ಕಮ್ಮಿಯಾದರೆ ಆಯಿತು, ಎತ್ತ ಹೋಯಿತು ಅಂತ ಈ ಪದ ಕೇಳುವುದಿಲ್ಲ. ‘ಇಂಗುಗುಂಡಿ’ ಬಳಕೆಗೆ ಬಂದ ಮೇಲೆ ಬರಹದಲ್ಲಿ ಕೆಳಗಿಳಿಯುವ ಅರ್ಥವೇ ಜಾಸ್ತಿ ಕಾಣುತ್ತದೆ. ಲೆಕ್ಕದಲ್ಲಂತೂ ಎರಡನ್ನೂ ಬೇರೆ ಮಾಡಲೇಬೇಕು. ಕೆಳಗಿಳಿದದ್ದು ಬಾವಿಯಲ್ಲೋ ಹಳ್ಳದಲ್ಲೋ ಮತ್ತೆ ಸಿಗಬಹುದು. ಮೇಲೆ ಹೋದದ್ದು ಆ ಬೆಳೆಗೆ ಮತ್ತೆ ಸಿಗದು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಹೊರತಂದ ವಿಧಾನ ಮೇಲೆ ಹೋಗುವ ನೀರನ್ನೇ ಅಂದಾಜು ಮಾಡುತ್ತದೆ. 12 ಸೆಂಟಿಮೀಟರ್ ಎತ್ತರದ ಹಸಿರು ಹುಲ್ಲಿಗೆ ಮೊದಲು ಲೆಕ್ಕ. ಅದಕ್ಕೆ ಬಿಸಿಲು, ಗಾಳಿ, ತೇವ, ಉಷ್ಣಾಂಶ ಬೇಕು. ಆಮೇಲೆ ಬೆಳೆಯ ಗುಣಕದಿಂದ ಗುಣಿಸಬೇಕು. ತುಂಬಿ ನಿಂತ ಕಬ್ಬಿಗೆ ಅದು 1.25. ಹುಲ್ಲಿಗೆ ದಿನಕ್ಕೆ 4 ಮಿಲಿಮೀಟರ್ ಬಂದರೆ ಕಬ್ಬಿಗೆ 5. ಎಕರೆಗೆ ಸುಮಾರು 20,000 ಲೀಟರ್! ಇಷ್ಟು ನೀರಿಗೆ ನಮ್ಮಲ್ಲಿ ಒಂದು ಹೆಸರು ಬೇಡವೇ?

‘ಬೆಳೆ ಕುಡಿಯೋ ನೀರು’ ಅಂತಾರೆ, ಚೆನ್ನಾಗಿದೆ. ಆದರೆ ನಾಟಿ ಮಾಡಿದ ಹೊಸತರಲ್ಲಿ ಭತ್ತದ ಪೈರು ಕುಡಿಯುವುದಕ್ಕಿಂತ ಬಯಲಾಗಿ ನಿಂತ ನೀರೇ ಜಾಸ್ತಿ ಆವಿಯಾಗುತ್ತದೆ. ನಾಗರಹೊಳೆಯಂಥ ಕಾಡಿನಲ್ಲೂ ಅಷ್ಟೇ. ಮಳೆಯ ಒಂದು ಪಾಲು ಎಲೆಯ ಮೇಲೆ ನಿಂತು, ನೆಲ ಮುಟ್ಟದೆಯೇ ಹೋಗುತ್ತದೆ. ಅದನ್ನು ಮರ ಕುಡಿಯಲೇ ಇಲ್ಲ, ಅಲ್ವಾ?

‘ಬೆವರು’ ಕೂಡ ಯೋಚಿಸಿದೆ. ಕಬ್ಬಿನ ಗರಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ಬಿಸಿಲಲ್ಲಿ ಬಿಟ್ಟು ನೋಡಿದೆ. ಸ್ವಲ್ಪ ಹೊತ್ತಿಗೆ ಕವರಿನ ಒಳಗೆಲ್ಲ ಹನಿ. ಗರಿಯನ್ನು ಮುಟ್ಟಿದರೆ ಬೆವರಿದ ಹಾಗಿರಲಿಲ್ಲ. ಗಿಡ ಬಿಡುವುದು ಆವಿಯನ್ನು, ಹನಿಯಾಗುವುದು ಕವರಿನಲ್ಲಿ. ‘ಆರು’ ನನಗೆ ತುಂಬ ಇಷ್ಟ, ಬಟ್ಟೆ ಆರುತ್ತದೆ, ನೆಲ ಆರುತ್ತದೆ. ಆದರೆ ಗಿಡದ ಕೆಲಸ ಅದರಲ್ಲಿ ಬರುವುದಿಲ್ಲ.

ಸದ್ಯಕ್ಕೆ ಕೈಪಿಡಿಯ ಪಟ್ಟಿಯಲ್ಲಿ ಒಂದು ಕಡೆ ‘ಇಂಗಿದ್ದು’, ಇನ್ನೊಂದು ಕಡೆ ‘ಆವಿಖರ್ಚು’ ಅಂತ ಹಾಕಿದ್ದೇನೆ. ದೊಡ್ಡಪ್ಪ ಓದಿ, “ಖರ್ಚು ಅಂದ್ರೆ ಗೊತ್ತಾಯ್ತದೆ” ಅಂದರು.

ಮಳವಳ್ಳಿ, ಹುಣಸೂರು, ಎಚ್.ಡಿ. ಕೋಟೆ ಕಡೆಯವರು ದಯವಿಟ್ಟು ಹೇಳಿ. ನೀರು ಮೇಲಕ್ಕೆ ಹೋಗುವುದಕ್ಕೆ ಮಾತ್ರ ಬಳಸುವ ಪದ ನಿಮ್ಮ ಮನೆಯಲ್ಲಿ, ಹೊಲದಲ್ಲಿ ಇದೆಯೇ? ‘ಇಂಗು’ ನಿಮ್ಮಲ್ಲೂ ಎರಡೂ ಕಡೆಗೆ ನಡೆಯುತ್ತದೆಯೇ?