ಕಾಫಿ ಪುಡಿ ಅಂಗಡಿ ಬೋರ್ಡಿಗೆ ದಪ್ಪ, ಗುಂಡು ಅಕ್ಷರ: ಯಾವ ಫಾಂಟ್ ಹಾಕಿಸಲಿ?

ಪುಡಿ ಅಂಗಡಿ, ಚಿಕ್ಕಮಗಳೂರು:
ನಮಸ್ಕಾರ. ಅಂಗಡಿಯ ಹೊಸ ಬೋರ್ಡಿಗೆ ದಪ್ಪಗೆ, ತುದಿಯೆಲ್ಲ ಗುಂಡಗಿರುವ ಅಕ್ಷರ ಬೇಕು ಅಂದಿದ್ದೆ. ಡಿಸೈನ್ ಮಾಡಿದವರು ಮಾಮೂಲಿ ಫಾಂಟಿಗೇ ಸುತ್ತ ಔಟ್‌ಲೈನ್ ಕೊಟ್ಟು ಉಬ್ಬಿಸಿದ್ದಾರೆ. ಹತ್ತಿರದಿಂದ ಪರವಾಗಿಲ್ಲ. ರಸ್ತೆ ಆಚೆ ನಿಂತು ನೋಡಿದರೆ ‘ಶುದ್ಧ ಕಾಫಿ’ ಹೋಗಿ ‘ಶುದ್ದ ಕಾಪಿ’ ಆಗಿದೆ. ತುಂಬಾ ಬೇಜಾರಾಯಿತು. ಕನ್ನಡಕ್ಕೆ ಇಂಥ ಅಕ್ಷರ ಹೊಂದುವುದೇ ಇಲ್ವಾ?

ಬೋರ್ಡ್ ಬರೆಯುವವನು, ಹಾಸನ:
ಖಂಡಿತ ಹೊಂದುತ್ತದೆ ಸರ್. ತಪ್ಪಾಗಿರುವುದು ಔಟ್‌ಲೈನ್ ಕೊಟ್ಟಿದ್ದರಲ್ಲಿ. ದ ಮತ್ತು ಧ, ಪ ಮತ್ತು ಫ, ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಗೆರೆಯನ್ನು ಸುತ್ತಲೂ ಒಂದೇ ಸಮ ಉಬ್ಬಿಸಿದರೆ ಮೊದಲು ಮುಚ್ಚಿಹೋಗುವುದೇ ಅದು. ಅದರಲ್ಲೂ ‘ಶುದ್ಧ’ದಲ್ಲಿ ಆ ಸೀಳು ಒತ್ತಕ್ಷರದಲ್ಲಿದೆ, ಒತ್ತು ಮೊದಲೇ ಚಿಕ್ಕದು, ಪಕ್ಕದಲ್ಲಿ ಶು ಕೊಂಬು ಬೇರೆ. ದಪ್ಪ ಇರಲಿ ಅಂತಲೇ ಬರೆದ ಫಾಂಟಿನಲ್ಲಿ ಇಂಥ ಕಡೆ ಗೆರೆಯನ್ನು ಸ್ವಲ್ಪ ತೆಳ್ಳಗೆ ಮಾಡಿ ಒಳಗೆ ಬೆಳಕು ಬಿಟ್ಟಿರುತ್ತಾರೆ.
ಫಾಂಟ್ ತಯಾರಿಸುವ ಎಕ್ ಟೈಪ್‌ ಸಂಸ್ಥೆಯವರ ‘ಬಲೂ ತಮ್ಮ 2’ ಫಾಂಟ್ ನೋಡಿ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ, ವ್ಯಾಪಾರಕ್ಕೆ ಬಳಸಲೂ ಅಡ್ಡಿಯಿಲ್ಲ. 400ರಿಂದ 800ರವರೆಗೆ ಐದು ದಪ್ಪ ಇವೆ. 800 ನೋಡಿ ಆಸೆಯಾಗುತ್ತದೆ, ಆದರೆ ಒತ್ತು ಜಾಸ್ತಿ ಇರುವ ಹೆಸರಿಗೆ ನಾನಾದರೆ 700 ಹಾಕುತ್ತೇನೆ.

ಅಕ್ರಿಲಿಕ್ ಕೆಲಸ:
ಬಿಡಿ ಅಕ್ಷರ ಕತ್ತರಿಸಿ ಹಚ್ಚುವುದಾದರೆ ಗುಂಡು ತುದಿಯೇ ಒಳ್ಳೆಯದು. ರೂಟರ್ ಬಿಟ್, ಅಂದರೆ ಕತ್ತರಿಸುವ ಯಂತ್ರದ ತಿರುಗುವ ಅಲಗು, ಉರುಟಾಗಿರುತ್ತದೆ, ಒಳಮೂಲೆಯನ್ನು ಅದು ಹೇಗೂ ಚೂಪಾಗಿ ಕತ್ತರಿಸುವುದಿಲ್ಲ. ಇನ್ನೊಂದು ಮಾತು, ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಯುನಿಕೋಡ್ ಫಾಂಟಿಗೆ ಬದಲಾಯಿಸಿದರೆ ಅರ್ಥವಿಲ್ಲದ ಅಕ್ಷರ ಬರುತ್ತವೆ, ಯುನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಒತ್ತು ಸರಿಯಾಗಿ ಕೂತಿದೆಯಾ ನೋಡಿಕೊಂಡು ಕರ್ವ್ಸ್‌ಗೆ ಹಾಕಿ (ಅಕ್ಷರವನ್ನು ಬರೀ ಗೆರೆಯ ಆಕಾರವಾಗಿ ಬದಲಿಸಿ) ಕಳಿಸಿ.

ಅಕ್ಷರಪ್ರೇಮಿ, ಬೇಲೂರು:
ಕಂಪಾಸಿನಲ್ಲಿ ಎಳೆದ ಹಾಗಿರುವ ಅಕ್ಷರದ ಹುಚ್ಚು ನನಗೂ ಇದೆ. ಇಂಗ್ಲಿಷ್ ಅಕ್ಷರದ ಫಾಂಟ್, 1927ರ ಫ್ಯೂಚುರಾ ನೋಡಿ, ವೃತ್ತ ಮತ್ತು ನೇರ ಗೆರೆಯಲ್ಲೇ ಎಷ್ಟು ಚೆಂದ! ನಮ್ಮಲ್ಲಿ ಹಾಗೆ ಸುಮ್ನೆ ವೃತ್ತಕ್ಕೆ ಕೂರುವುದು ಸೊನ್ನೆ, ಹೆಚ್ಚೆಂದರೆ ಠ. ಉಳಿದದ್ದನ್ನೂ ಬಲವಂತವಾಗಿ ವೃತ್ತ ಮಾಡಿದರೆ ಎಲ್ಲ ಒಂದೇ ಥರ ಕಾಣುತ್ತವೆ. ಮತ್ತೆ ಸರ್, ಪ್ಯಾಕೆಟ್ಟಿನ ಮೇಲೆ ಹೆಸರಿಗೆ ಮಾತ್ರ ಇದನ್ನು ಹಾಕಿ. ಕಾಫಿ ಎಷ್ಟು, ಚಿಕೋರಿ ಎಷ್ಟು ಅನ್ನುವ ಸಾಲು ಜನ ಓದಲೇಬೇಕಾದದ್ದು, ಅದಕ್ಕೆ ನೋಟೋ ಸಾನ್ಸ್ ಕನ್ನಡದಂಥ ಸಾದಾ ಅಕ್ಷರ ಇರಲಿ.

ಪುಡಿ ಅಂಗಡಿ, ಚಿಕ್ಕಮಗಳೂರು:
ಎಲ್ಲರಿಗೂ ಧನ್ಯವಾದ. 700 ಮತ್ತು 800 ಎರಡನ್ನೂ ಪ್ರಿಂಟ್ ತೆಗೆದು ಶಟರಿಗೆ ಅಂಟಿಸಿ ಆಚೆ ಬದಿಯಿಂದ ನೋಡಿದೆ. 700ರಲ್ಲಿ ಧ ಒತ್ತಿನ ಸೀಳು ಸ್ಪಷ್ಟ. ಅದನ್ನೇ ಕತ್ತರಿಸಲು ಕೊಡುತ್ತಿದ್ದೇನೆ.