ಧಾಲ್ಸಿಮನ ಕೈ ಎಷ್ಟು ಉದ್ದ?

"ಧಾಲ್ಸಿಮನ ಕೈ ಉದ್ದವಾಗದಿದ್ದರೆ ಟಿಕೆಟ್ ಹಣ ವಾಪಸ್ ಕೇಳುತ್ತೇನೆ," ಎಂದು ನಾಸಿರ್ ಪಂಪಿನ ಸದ್ದನ್ನೂ ಮೀರಿ ಕೂಗಿದ.

"ಯಾರ ಕೈ?" ಎಂದರು ಸುಬೇದಾರ್ ಚಿಕ್ಕಪ್ಪ.

ಮಾರ್ಚ್ ತಿಂಗಳು. ಕಾಫಿ ಮೊಗ್ಗನ್ನು ಅರಳಿಸುವ ಹೂಮಳೆ ಕೈಕೊಟ್ಟಿತ್ತು. ರೋಬಸ್ಟ ಮೊಗ್ಗು ಕರಟಿ ಹೋದೀತೆಂದು ಕುಶಾಲಪ್ಪ ಗೋಣಿಕೊಪ್ಪದ ಹತ್ತಿರದ ತನ್ನ ತೋಟದ ಕೆರೆಗೆ ಡೀಸೆಲ್ ಪಂಪ್ ಇಳಿಸಿ ಸ್ಪ್ರಿಂಕ್ಲರ್ ಹಚ್ಚಿದ್ದ. ಪೈಪು ಬದಲಿಸುವ ಹೊತ್ತಿನವರೆಗೆ ಎಚ್ಚರವಾಗಿರಲು ಅವನಿಗೆ ಜನ ಬೇಕು, ಜನಕ್ಕೆ ಬೆಲ್ಲದ ಕಾಫಿ ಬೇಕು, ಕಾಫಿಯ ಜೊತೆಗೆ ಒಂದು ಜಗಳವೂ ಬೇಕು. ಆ ರಾತ್ರಿಯ ಜಗಳವನ್ನು ಒದಗಿಸಿದವರು 'ಸ್ಟ್ರೀಟ್ ಫೈಟರ್' ಎಂಬ ಹೊಡೆದಾಟದ ವಿಡಿಯೊ ಗೇಮನ್ನು ಮತ್ತೆ ಸಿನಿಮಾ ಮಾಡುತ್ತಿರುವ ಹಾಲಿವುಡ್ಡಿನವರು.

ನಾಸಿರನದು ಮೊಬೈಲ್ ರಿಪೇರಿ ಅಂಗಡಿ. ತೊಂಬತ್ತರ ದಶಕದಲ್ಲಿ ಮೈಸೂರಿಗೆ ಓದಲು ಹೋದವನು ಕಾಲೇಜಿಗಿಂತ ವಿಡಿಯೊ ಗೇಮ್ ಪಾರ್ಲರಿನಲ್ಲಿ ಹೆಚ್ಚು ಹಾಜರಿ ಹಾಕಿಸಿಕೊಂಡವನು. ಈಗಲೂ ಮಾತು ಬಿಸಿಯಾದರೆ ಅವನ ಎಡ ಮಣಿಕಟ್ಟು ತನ್ನಷ್ಟಕ್ಕೆ ತಾನೇ ಕೆಳಗೆ, ಓರೆಗೆ, ಮುಂದಕ್ಕೆ ಎಂದು ಕಾಲುವೃತ್ತ ಎಳೆಯುತ್ತದೆ. ಬಲಗೈ ಬೆರಳು ಇಲ್ಲದ ಗುಂಡಿಯನ್ನು ಒತ್ತುತ್ತದೆ. ಆಟದಲ್ಲಾಗಿದ್ದರೆ ರ್ಯೂ ಎಂಬ ಹೋರಾಟಗಾರನ ಅಂಗೈಯಿಂದ ನೀಲಿ ಉಂಡೆಯೊಂದು ಹಾರಿಬಿಡುತ್ತಿತ್ತು. ಇಲ್ಲಿ ಕಾಫಿ ಲೋಟ ಉರುಳಿತು.

"ಧಾಲ್ಸಿಮ್ ಎಂದರೆ ಆಟದಲ್ಲಿರುವ ನಮ್ಮ ದೇಶದ ಯೋಗಿ, ಚಿಕ್ಕಪ್ಪ. ಕೊರಳಲ್ಲಿ ತಲೆಬುರುಡೆಯ ಸರ, ಬಾಯಲ್ಲಿ ಬೆಂಕಿ. ನಿಂತಲ್ಲಿಂದಲೇ ಕೈ ಚಾಚಿ ಆ ತುದಿಯಲ್ಲಿರುವವನನ್ನು ಗುದ್ದುತ್ತಾನೆ."

"ಯೋಗ ಮಾಡಿದರೆ ಹೀಗೂ ಆಗುತ್ತದೆಯೋ? ನನಗೆ ಇನ್ನೂ ಪಾದ ಮುಟ್ಟಲಾಗುತ್ತಿಲ್ಲ," ಎಂದು ಚಿಕ್ಕಪ್ಪ ಕೂತಲ್ಲೇ ಒಮ್ಮೆ ಬಾಗಿ ನೋಡಿದರು.

ಈ ಸಲ ಧಾಲ್ಸಿಮನಾಗುವವನು ವಿದ್ಯುತ್ ಜಾಮ್ವಾಲ್. ಚಿಕ್ಕಂದಿನಿಂದ ಕಳರಿಪಯಟ್ಟು ಕಲಿತ ಮೈ ಅವನದು. ಅದೇ ತೊಂದರೆ ಎನ್ನುತ್ತಾನೆ ನಾಸಿರ್. ನಿಜವಾಗಿ ಹೊಡೆದಾಡಬಲ್ಲವನು ಸಿಕ್ಕಿದ್ದಾನೆಂದು ನಿರ್ದೇಶಕರು ಕೈ ಉದ್ದ ಮಾಡುವ ಖರ್ಚನ್ನು ಉಳಿಸಿಬಿಟ್ಟರೆ ಗತಿಯೇನು?

"ಹಿಂದೆಯೂ ಒಂದು ಸಿನಿಮಾ ಬಂದಿತ್ತಲ್ಲ, ಅದರಲ್ಲಿ ಈ ಯೋಗಿ ಯಾರಾಗಿದ್ದರು?" ಎಂದು ಮೇಷ್ಟ್ರು ಕೇಳಿದರು. ಮೇಷ್ಟ್ರು ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಇಸವಿ ಇಲ್ಲದ ಮಾತು ಅವರಿಗೆ ರುಚಿಸುವುದಿಲ್ಲ.

"1994ರದ್ದು, ಮೇಷ್ಟ್ರೇ. ರೋಶನ್ ಸೇಠ್."

ಮೇಷ್ಟ್ರು ಲೋಟ ಕೆಳಗಿಟ್ಟರು. "ಯಾವ ರೋಶನ್ ಸೇಠ್? 1982ರ 'ಗಾಂಧಿ'ಯಲ್ಲಿ ನೆಹರೂ ಆಗಿದ್ದವರೋ? ದೂರದರ್ಶನದ 'ಭಾರತ್ ಏಕ್ ಖೋಜ್'ನಲ್ಲಿ ಮತ್ತೆ ನೆಹರೂ ಆಗಿದ್ದವರೋ?"

"ಅವರೇ."

"ನೆಹರೂ ಬಾಯಿಂದ ಬೆಂಕಿ ಉಗುಳಿಸಿದರೇ?"

"ಉಗುಳಿಸಲಿಲ್ಲ, ಅದೇ ನನ್ನ ದುಃಖ," ಎಂದ ನಾಸಿರ್. ಆ ಚಿತ್ರದಲ್ಲಿ ಧಾಲ್ಸಿಮ್ ಯೋಗಿಯೇ ಅಲ್ಲ, ಸೆರೆಸಿಕ್ಕ ವಿಜ್ಞಾನಿ. ಕೈ ಒಂದಂಗುಲವೂ ಉದ್ದವಾಗಲಿಲ್ಲ. ಆಟದ ಮುಖ್ಯ ಜೋಡಿ ರ್ಯೂ ಮತ್ತು ಕೆನ್ ಅದರಲ್ಲಿ ಆಟಿಕೆ ಕೋವಿ ಮಾರಿ ಮೋಸ ಮಾಡುವ ಪುಡಿ ವಂಚಕರು.

"ಆಟಿಕೆ ಕೋವಿ!" ಚಿಕ್ಕಪ್ಪನಿಗೆ ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ನಿಜವಾಗಿ ಸಿಟ್ಟು ಬಂತು. ವರ್ಷಕ್ಕೊಮ್ಮೆ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜಿಸುವ ಮನೆಯವರು. "ಇಂಥವರಿಗೆ ಅಭಿಮಾನಿಗಳು ಬೇರೆ."

ನಾಯಕನ ಪಟ್ಟ ಸಿಕ್ಕಿದ್ದು ಗೈಲ್ ಎಂಬವನಿಗೆ. ಆಟದಲ್ಲಿ ಅವನು ಅಮೆರಿಕದ ವಾಯುಪಡೆಯವನು. ನಾಸಿರ್ ಮೊಬೈಲಿನಲ್ಲಿ ಚಿತ್ರ ತೋರಿಸಿದ. ತಲೆಯ ಮೇಲೆ ಕಡ್ಡಿಪೊರಕೆಯನ್ನು ತಲೆಕೆಳಗಾಗಿ ನಿಲ್ಲಿಸಿದಂಥ ಹೊಂಬಣ್ಣದ ಕೂದಲು.

ಚಿಕ್ಕಪ್ಪ ಬಹಳ ಹೊತ್ತು ನೋಡಿದರು. "ವಾಯುಪಡೆಯವನು ನೆಲದ ಮೇಲೆ ನಿಂತು ಯಾಕೆ ಒದೆಯುತ್ತಿದ್ದಾನೆ? ಇರಲಿ. ಈ ಕೂದಲಿನ ಮೇಲೆ ಟೋಪಿ ಹೇಗೆ ಕೂರುತ್ತದೆ?"

ಆ ಪಾತ್ರ ಮಾಡಿದ ಜಾನ್ ಕ್ಲಾಡ್ ವ್ಯಾನ್ ಡ್ಯಾಮ್ ಬೆಲ್ಜಿಯಂನವನು. ತೋಳಿನ ಮೇಲೆ ಅಮೆರಿಕದ ಬಾವುಟದ ಹಚ್ಚೆ, ಬಾಯಲ್ಲಿ ತನ್ನೂರಿನ ರಾಗ. ಆದರೂ ಆ ಚಿತ್ರವನ್ನು ಬಾಯಿತುಂಬ ಬೈಯುವ ಅಭಿಮಾನಿ ಕೂಡ ಒಂದು ಹೆಸರು ಬಂದಾಗ ದನಿ ತಗ್ಗಿಸುತ್ತಾನೆ. ಅದು ಖಳನಾಯಕ ಬೈಸನ್ ಆಗಿದ್ದ ರೌಲ್ ಜೂಲಿಯಾ. ಕ್ಯಾನ್ಸರ್ ಮೈಯನ್ನು ತಿನ್ನುತ್ತಿದ್ದಾಗ, ತನ್ನ ಮಕ್ಕಳಿಗೆ ಇಷ್ಟದ ಆಟವೆಂದು ಒಪ್ಪಿಕೊಂಡ ಪಾತ್ರ ಅದು. ಚಿತ್ರ ಡಿಸೆಂಬರಿನಲ್ಲಿ ತೆರೆಗೆ ಬಂತು, ಅವರು ಅಕ್ಟೋಬರಿನಲ್ಲೇ ತೀರಿಕೊಂಡಿದ್ದರು. ಸುತ್ತಲಿನವರು ದಿನಗೂಲಿಗೆ ಬಂದಂತೆ ನಟಿಸುತ್ತಿರುವಾಗ ಅವರೊಬ್ಬರು ದೊಡ್ಡ ರಂಗಭೂಮಿಯ ಮೇಲೆ ನಿಂತವರಂತೆ ಗುಡುಗುತ್ತಾರೆ. ನಾನೂ ಅವರಿಗಾಗಿಯೇ ಆ ಚಿತ್ರವನ್ನು ಕೊನೆಯವರೆಗೆ ನೋಡಿದ್ದೇನೆ, ಬೇರೆ ಕಾರಣ ಹುಡುಕಿದರೂ ಸಿಗಲಿಲ್ಲ.

"ಇನ್ನೊಂದು ಕೇಳಿ," ಎಂದ ನಾಸಿರ್. "ಆಟದಿಂದ ಸಿನಿಮಾ ಮಾಡಿದರಲ್ಲ, 1995ರಲ್ಲಿ ಆ ಸಿನಿಮಾದಿಂದ ಮತ್ತೆ ಆಟ ಮಾಡಿದರು. ಸಿನಿಮಾ ನಟರ ಚಿತ್ರವನ್ನೇ ಹಿಡಿದು ಆಟದೊಳಗೆ ಕೂರಿಸಿದರು."

"ಸದ್ಯ, ಆ ಆಟದಿಂದ ಮತ್ತೆ ಸಿನಿಮಾ ಮಾಡಲಿಲ್ಲವಲ್ಲ," ಎಂದರು ಮೇಷ್ಟ್ರು.

ಅಷ್ಟರಲ್ಲಿ ಕುಶಾಲಪ್ಪ ಬಾಯಿ ಹಾಕಿದ. ಅವನು 'ಮಾರ್ಟಲ್ ಕಾಂಬ್ಯಾಟ್' ಎಂಬ ಇನ್ನೊಂದು ಹೊಡೆದಾಟದ ಆಟದ ಪಕ್ಷದವನು. ಅವನ ಪ್ರಕಾರ ಸ್ಟ್ರೀಟ್ ಫೈಟರ್ ಮಕ್ಕಳಾಟ, ರಕ್ತವಿಲ್ಲದ್ದು. ಮಾರ್ಟಲ್ ಕಾಂಬ್ಯಾಟ್ 1992ರಲ್ಲಿ ಬಂದಾಗ ಅದರ ರಕ್ತ ಕಂಡು ಅಮೆರಿಕದ ಸೆನೆಟ್ಟೇ 1993ರಲ್ಲಿ ವಿಚಾರಣೆ ಇಟ್ಟುಕೊಂಡಿತು, ಅದರ ಬೆನ್ನಿಗೇ 1994ರಲ್ಲಿ ಆಟಗಳಿಗೆ ವಯಸ್ಸಿನ ಗುರುತು ಹಾಕುವ ಮಂಡಳಿ ಹುಟ್ಟಿತು. ಇದನ್ನು ಕುಶಾಲಪ್ಪ ಹೇಳುವ ಠೀವಿ ನೋಡಿದರೆ ಸಾಕ್ಷಿ ಹೇಳಲು ಇವನನ್ನೇ ಕರೆದಿದ್ದರೇನೋ ಅನ್ನಿಸುತ್ತದೆ.

"ಅದರ ಸಿನಿಮಾದಲ್ಲಿ ರಕ್ತ ಇತ್ತೋ?" ಚಿಕ್ಕಪ್ಪ ಕೇಳಿದರು.

ಇಲ್ಲಿ ಕುಶಾಲಪ್ಪ ಸ್ವಲ್ಪ ತಡವರಿಸಿದ. 1995ರ ಮೊದಲ ಚಿತ್ರದಲ್ಲಿ ಹೇಳಿಕೊಳ್ಳುವಂಥ ರಕ್ತವೇ ಇರಲಿಲ್ಲ. ಆದರೂ ಅಭಿಮಾನಿಗಳು ಕುಣಿದರು, ಅದರ ಸಂಗೀತ ಈಗಲೂ ಅವರ ಫೋನಿನ ರಿಂಗ್‌ಟೋನ್. 2021ರ ಚಿತ್ರದಲ್ಲಿ ಬೇಕಾದಷ್ಟು ರಕ್ತ ಹರಿಯಿತು. 1617ರ ಜಪಾನಿನಲ್ಲಿ ನಡೆಯುವ ಆರಂಭದ ಕಾಳಗಕ್ಕೆ, ಹಿರೋಯುಕಿ ಸನಾಡ ಹಗ್ಗಕ್ಕೆ ಕಟ್ಟಿದ ಚೂರಿ ಬೀಸುವ ಪರಿಗೆ ಎಲ್ಲರೂ ಕೈ ಮುಗಿದರು. ಆಮೇಲೆ ಗೊಣಗಾಟ ಶುರುವಾಯಿತು. ನಾಯಕ ಕೋಲ್ ಯಂಗ್ ಆಟದಲ್ಲಿ ಇಲ್ಲವೇ ಇಲ್ಲ, ಸಿನಿಮಾಕ್ಕೆಂದು ಹೊಸದಾಗಿ ಹುಟ್ಟಿಸಿದವನು. ಇಡೀ ಆಟ ನಿಂತಿರುವುದು ಒಂದು ಪಂದ್ಯಾವಳಿಯ ಮೇಲೆ. ಚಿತ್ರ ಮುಗಿದರೂ ಪಂದ್ಯಾವಳಿ ಶುರುವಾಗುವುದಿಲ್ಲ.

ಚಿಕ್ಕಪ್ಪ ಬೆನ್ನು ನೆಟ್ಟಗೆ ಮಾಡಿದರು. "ಎಂದರೆ, ನಮ್ಮ ಕೊಡವ ಹಾಕಿಯ ಮೇಲೆ ಸಿನಿಮಾ ತೆಗೆಯುತ್ತಾರೆ. 1997ರಲ್ಲಿ ಕರಡದಲ್ಲಿ ಶುರುವಾದದ್ದನ್ನು ತೋರಿಸುತ್ತಾರೆ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬ ಆಡಿ ಗಿನ್ನೆಸ್ ದಾಖಲೆ ಮಾಡಿದ್ದನ್ನೂ ತೋರಿಸುತ್ತಾರೆ. ನಾಯಕ ಮಾತ್ರ ಯಾವ ಒಕ್ಕಕ್ಕೂ, ಯಾವ ಮನೆತನಕ್ಕೂ ಸೇರದವನು. ಅವನು ಎರಡೂವರೆ ಗಂಟೆ ಹಾಕಿ ಸ್ಟಿಕ್‌ಗೆ ಟೇಪ್ ಸುತ್ತುತ್ತಾನೆ. ವಿಸಿಲ್ ಊದುವ ಹೊತ್ತಿಗೆ 'ಮುಂದಿನ ಭಾಗದಲ್ಲಿ ನೋಡಿ' ಎನ್ನುತ್ತಾರೆ. ಹೀಗೋ?"

"ಹೀಗೇ, ಚಿಕ್ಕಪ್ಪ," ಎಂದ ಕುಶಾಲಪ್ಪ. ಅವನ ಕಣ್ಣಲ್ಲಿ ನೀರು ಬಂದಂತಿತ್ತು. ಡೀಸೆಲ್ ಹೊಗೆಯೂ ಇರಬಹುದು.

"ಹಾಗಾದರೆ ನಿಮಗೆ ಬೇಕಾದದ್ದು ರಕ್ತವಲ್ಲ," ಎಂದರು ಚಿಕ್ಕಪ್ಪ. "ನಮ್ಮ ಬೆತ್ತದ ಕಾಳಗ ಪರೆಯಕಳಿಯಲ್ಲಿ ಬೆತ್ತ ಬೀಸುವವನು ಮೊಣಕಾಲಿನ ಕೆಳಗೇ ಹೊಡೆಯಬೇಕು. ಊರ ಮಂದ್ ಮೈದಾನದಲ್ಲಿ ಜನ ಕಣ್ಣಿಡುವುದು ಅದರ ಮೇಲೆ. ಒಂದೇಟು ತೊಡೆಗೆ ಬೀಳಲಿ, ನೋಡು ಗಲಾಟೆ. ಯಾರು ಯಾರಿಗೆ ಎದುರಾಗಬೇಕು, ಎಲ್ಲಿಗೆ ಹೊಡೆಯಬೇಕು, ಅದು ತಪ್ಪಬಾರದು. ಅಷ್ಟೇ ತಾನೇ ನಿಮ್ಮ ತಕರಾರು?"

ಮೊಬೈಲಿನಲ್ಲಿ ಒಂದೂ ಆಟ ಆಡದ ಮನುಷ್ಯ ಹೀಗೆಂದಾಗ ಇಬ್ಬರು ಭಕ್ತರೂ ಸುಮ್ಮನಾದರು. ನನಗೂ ಅದೇ ಸರಿ ಕಾಣುತ್ತದೆ. ಈ ಆಟಗಳಿಗೆ ಹೇಳಿಕೊಳ್ಳುವ ಕಥೆಯೇ ಇಲ್ಲ, ಇಬ್ಬರು ಎದುರಾಗುತ್ತಾರೆ, ಒಬ್ಬ ಬೀಳುತ್ತಾನೆ. ಸಿನಿಮಾದವರು ಕಥೆ ಇಲ್ಲವಲ್ಲ ಎಂದು ಗಾಬರಿಯಾಗಿ ಹೊಸದೊಂದನ್ನು ಹೆಣೆಯಲು ಕೂತಾಗ ಮೊದಲು ಕೈಬಿಡುವುದು ಈ ಎದುರಾಗುವಿಕೆಯನ್ನೇ. ಉದ್ದದ ಕೈ, ಪೊರಕೆ ಕೂದಲು ಎಲ್ಲ ಆಮೇಲಿನ ಮಾತು. ನಾಸಿರ್ ಒಪ್ಪಲಿಲ್ಲ. ಕೈ ಉದ್ದವಾಗಲೇಬೇಕು.

"ಮತ್ತೆ ಆನೆ ಬೇಕು," ಎಂದು ಸೇರಿಸಿದ. ಹಳೆಯ ಆಟದಲ್ಲಿ ಧಾಲ್ಸಿಮನ ಅಂಗಳದಲ್ಲಿ ಆನೆಗಳು ಸಾಲಾಗಿ ನಿಂತಿರುತ್ತವೆ, ಹೊಡೆದಾಟದ ನಡುವೆ ಸೊಂಡಿಲೆತ್ತಿ ಘೀಳಿಡುತ್ತವೆ.

"ಆನೆಗೇನು, ನನ್ನ ತೋಟದಲ್ಲೇ ಚಿತ್ರೀಕರಣ ಮಾಡಲಿ. ಬಾಡಿಗೆಯೂ ಬೇಡ," ಎಂದ ಕುಶಾಲಪ್ಪ. "ಹೋಗುವಾಗ ಅವನ್ನು ಜೊತೆಗೇ ಕರೆದುಕೊಂಡು ಹೋದರೆ ಸಾಕು."

ಎಲ್ಲರೂ ಒಂದು ಕ್ಷಣ ಕೆರೆಯ ಆಚೆಗಿನ ಕತ್ತಲನ್ನು ನೋಡಿದೆವು. ಏನೂ ಇರಲಿಲ್ಲ. ಮೇಷ್ಟ್ರು ಮಾತ್ರ ತಮ್ಮ ಕುರ್ಚಿಯನ್ನು ಜೀಪಿನ ಪಕ್ಕಕ್ಕೆ ಎಳೆದುಕೊಂಡರು.

"ಚಿತ್ರ ಯಾವಾಗ ಬರುತ್ತದೆ?" ಎಂದು ಅಲ್ಲಿಂದಲೇ ಕೇಳಿದರು.

"2026ರ ಅಕ್ಟೋಬರ್ 16 ಎಂದು ಘೋಷಿಸಿದ್ದಾರೆ. ಮೈಸೂರಿಗೆ ಮೊದಲ ದಿನವೇ ಹೋಗೋಣ. ಜೀಪು ಕುಶಾಲಪ್ಪನದು, ಡೀಸೆಲ್ ನನ್ನದು."

ಮೇಷ್ಟ್ರು ಬೆರಳು ಮಡಿಸಿ ಲೆಕ್ಕ ಹಾಕಿದರು. "ಮಾರನೆಯ ದಿನ 17. ತುಲಾ ಸಂಕ್ರಮಣ ಸಾಮಾನ್ಯವಾಗಿ ಅದೇ ದಿನ ಬರುತ್ತದೆ. ತಲಕಾವೇರಿಯಲ್ಲಿ ತೀರ್ಥೋದ್ಭವ."

ಕುಶಾಲಪ್ಪನ ಮುಖ ಇಳಿಯಿತು. ಅವನ ಅವ್ವ ಒಂದು ವರ್ಷವೂ ತೀರ್ಥೋದ್ಭವ ತಪ್ಪಿಸಿದವರಲ್ಲ. ಜೀಪು ಓಡಿಸುವವನು ಅವನೊಬ್ಬನೇ.

"ನೀನೇ ಹೋಗಿ ಅವ್ವನ ಹತ್ತಿರ ಹೇಳು," ಎಂದ ನಾಸಿರನಿಗೆ. "ಧಾಲ್ಸಿಮನ ಕೈ ನೋಡಬೇಕು, ತೀರ್ಥ ಮುಂದಿನ ವರ್ಷ ತಂದರಾಯಿತು ಎಂದು."

ನಾಸಿರ್ ಉತ್ತರ ಕೊಡಲಿಲ್ಲ. ಅವನಿಗೆ ಅವ್ವನನ್ನು ಚಿಕ್ಕಂದಿನಿಂದ ಗೊತ್ತು.

"ಮೂರನೆಯ ದಿನದ ಸಿನಿಮಾದಲ್ಲೂ ಕೈ ಅಷ್ಟೇ ಉದ್ದ ಇರುತ್ತದಲ್ಲವೋ," ಎಂದು ಚಿಕ್ಕಪ್ಪ ಎದ್ದು ಟಾರ್ಚ್ ಹುಡುಕಿದರು. ಪೈಪು ಬದಲಿಸುವ ಹೊತ್ತಾಗಿತ್ತು.