ಗೊತ್ತಿಲ್ಲದ ಡಬ್ಬಿ ಬೇಡ ಅನ್ನುವುದನ್ನು ಅಳೆಯುವುದು ಹೇಗೆ?

ಪ್ರಶ್ನೆ: ಎರಡು ಡಬ್ಬಿ. ಒಂದರಲ್ಲಿ 50 ಕೆಂಪು, 50 ಕಪ್ಪು ಗೋಲಿ. ಇನ್ನೊಂದರಲ್ಲೂ 100 ಗೋಲಿ, ಆದರೆ ಯಾವ ಬಣ್ಣ ಎಷ್ಟು ಅಂತ ಗೊತ್ತಿಲ್ಲ. ಒಂದು ಡಬ್ಬಿ ಆರಿಸಿ ನೋಡದೆ ಒಂದು ಗೋಲಿ ತೆಗೆಯಿರಿ, ಕೆಂಪು ಬಂದರೆ 100 ರೂಪಾಯಿ ಅಂದೆ, ಮನೆಯವರೆಲ್ಲ ಮೊದಲನೆಯದನ್ನೇ ಆರಿಸಿದರು. ಈ ಹಿಂಜರಿಕೆ ಯಾರಿಗೆ ಎಷ್ಟು ಅಂತ ಅಳೆಯಬಹುದಾ?

ಉತ್ತರ 1: 1961ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಡೇನಿಯಲ್ ಎಲ್ಸ್‌ಬರ್ಗ್ ಮುಂದಿಟ್ಟ ಒಗಟು ಇದು. (1971ರಲ್ಲಿ ವಿಯೆಟ್ನಾಂ ಯುದ್ಧದ ಬಗೆಗಿನ ಅಮೆರಿಕ ಸರ್ಕಾರದ ಗುಟ್ಟಿನ ಕಡತ, ಅಂದರೆ ಪೆಂಟಗನ್ ದಾಖಲೆ, ಹೊರಹಾಕಿದ್ದೂ ಇದೇ ಮನುಷ್ಯ!) ಗೊತ್ತಿರುವ ಡಬ್ಬಿಯಲ್ಲಿ ಕೆಂಪು ಗೋಲಿಯನ್ನು 50, 45, 40 ಅಂತ ಕಮ್ಮಿ ಮಾಡುತ್ತಾ, ಆ ಜಾಗಕ್ಕೆ ಕಪ್ಪು ಹಾಕುತ್ತಾ, ಪ್ರತಿ ಸಲ ಯಾವ ಡಬ್ಬಿ ಬೇಕು ಅಂತ ಕೇಳಿ. 40ಕ್ಕೆ ಬಂದಾಗ "ಎರಡೂ ಒಂದೇ" ಅಂದರೆ, 50ರಲ್ಲಿ 40 ಕಳೆದು ಉಳಿದ 10 ಅವರ ಹಿಂಜರಿಕೆಯ ಅಳತೆ.

ಉತ್ತರ 2: ಅಷ್ಟು ಸುಲಭ ಅಲ್ಲ ಸ್ವಾಮಿ. ಡಬ್ಬಿ ತುಂಬಿಸುವವರೂ ನೀವೇ, ದುಡ್ಡು ಕೊಡುವವರೂ ನೀವೇ ಆದರೆ ಕೆಂಪು ಕಮ್ಮಿ ಹಾಕಿದ್ದೀರಿ ಅಂತ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ? ಅದು ಹಿಂಜರಿಕೆ ಅಲ್ಲ, ಸುಮ್ನೆ ಹುಷಾರಿತನ. ಯಾವ ಬಣ್ಣ ಬಂದರೆ ದುಡ್ಡು ಅಂತ ಆರಿಸುವುದನ್ನು ಅವರಿಗೇ ಬಿಡಿ. ಇನ್ನೊಂದು ವಿಷಯ: ಗೆಲ್ಲುವ ಸಾಧ್ಯತೆ ತೀರಾ ಕಮ್ಮಿ ಇದ್ದಾಗ ಎಷ್ಟೋ ಜನ ಗೊತ್ತಿಲ್ಲದ ಡಬ್ಬಿಯನ್ನೇ ಇಷ್ಟಪಡುತ್ತಾರೆ.

ಪ್ರಶ್ನೆ ಕೇಳಿದವರು: ಬಣ್ಣ ಅವರಿಗೇ ಬಿಟ್ಟೆ. ತಮ್ಮ 45ಕ್ಕೇ ಬದಲಾದ. ಅಮ್ಮ 30ಕ್ಕೂ ಜಗ್ಗಲಿಲ್ಲ!